ಜಾಗ ಕೊಂಡು ನೋಡು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ನಾನು ಮೂವತ್ನಾಲ್ಕು ವರ್ಷಗಳ ಕಾಲ ಮಕ್ಕಳಿಗೆ ಕೊಟ್ಟಿದ್ದೇನೆ. ಇಟ್ಟಿಗೆ, ಸುಣ್ಣ, ಗಾರೆ, ಬಡಗಿಯ ಕೂಲಿ, ಬೀಗರ ಮುನಿಸು ಎಲ್ಲವನ್ನೂ ಅವರು ಬರೆಯುತ್ತಿದ್ದರು. ನಾನು ಹತ್ತಕ್ಕೆ ಏಳು ಅಂಕ ಹಾಕಿ ಪುಸ್ತಕ ಮುಚ್ಚುತ್ತಿದ್ದೆ. ಆ ಗಾದೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ ಎಂಬುದು ನನಗೆ ಹೊಳೆದದ್ದು ನಿವೃತ್ತನಾಗಿ ಹದಿಮೂರು ವರ್ಷ ಕಳೆದ ಮೇಲೆ, 2025ರ ದೀಪಾವಳಿಯ ಮರುದಿನ. ನಮ್ಮ ಹಿರಿಯರು 'ಜಾಗ ಕೊಂಡು ನೋಡು' ಎನ್ನಲಿಲ್ಲ. ಅವರ ಪಾಲಿಗೆ ಜಾಗವೆಂಬುದು ಕಷ್ಟದ ಬಾಬತ್ತೇ ಆಗಿರಲಿಲ್ಲ.

ಈ ಪಾಠವನ್ನು ನನಗೆ ಕಲಿಸಿದವನು ನನ್ನದೇ ಒಬ್ಬ ಹಳೆಯ ವಿದ್ಯಾರ್ಥಿ. ಹೆಸರು ಬೇಡ. ಹೂವಿನಹಡಗಲಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಅವನು ಅತಿಥಿ ಶಿಕ್ಷಕ. ವಯಸ್ಸು ಮೂವತ್ತೈದರ ಹತ್ತಿರ, ಹೆಂಡತಿ, ಒಂದು ಕೂಸು, ಪಟ್ಟಣದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹಬ್ಬದ ನಮಸ್ಕಾರಕ್ಕೆಂದು ಬಂದವನು ಚಹಾ ಕುಡಿದು, ಬಹಳ ಹೊತ್ತು ತಡವರಿಸಿ ಕೇಳಿದ: "ಸರ್, ರೋಡಿನ ಕಡೆ ನಿಮ್ದೊಂದು ಪ್ಲಾಟು ಖಾಲಿ ಐತಲ್ರಿ, ಕೊಡೋ ವಿಚಾರ ಏನಾರ ಐತೇನ್ರಿ?"

ನಾನು ಹೆಮ್ಮೆಯಿಂದಲೇ ಹೇಳಿದೆ: "ಈಗ ಆ ಕಡೆ ಹದಿನೈದು ಲಕ್ಷ ನಡೀತೈತಪ್ಪ."

ಅವನು ಒಂದು ಕ್ಷಣ ಗೋಡೆ ನೋಡಿದ. ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಿದ್ದಾನೆಂದು ನನಗೆ ತಿಳಿಯಿತು. ಆ ಭಾಗಾಕಾರವನ್ನು ಅವನಿಗೆ ಕಲಿಸಿದವನೇ ನಾನು. "ಆಗಲಿ ಬಿಡ್ರಿ ಸರ್" ಎಂದು ನಕ್ಕು ಎದ್ದುಹೋದ.

ಅವನು ಹೋದ ಮೇಲೆ ಅದೇ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿದೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಎರಡು ಸಾವಿರ ರೂಪಾಯಿ ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕನ ಗೌರವಧನ ತಿಂಗಳಿಗೆ 12,000 ರೂಪಾಯಿ. ಹದಿನೈದು ಲಕ್ಷವನ್ನು ಹನ್ನೆರಡು ಸಾವಿರದಿಂದ ಭಾಗಿಸಿದರೆ 125 ತಿಂಗಳು. ಅಂದರೆ ಅನ್ನ ಉಣ್ಣದೆ, ಬಾಡಿಗೆ ಕಟ್ಟದೆ, ಮಗುವಿಗೆ ಔಷಧಿ ತಾರದೆ ಹತ್ತು ವರ್ಷ ಐದು ತಿಂಗಳು ದುಡಿದರೆ ಅವನಿಗೆ ಮೂವತ್ತು-ನಲವತ್ತು ಅಡಿಯ ಬರಿಯ ಮಣ್ಣು ದೊರೆಯುತ್ತದೆ. ಮನೆಯಲ್ಲ, ಮಣ್ಣು. ಬೇಸಿಗೆ ರಜೆಯಲ್ಲಿ ಗೌರವಧನವಿಲ್ಲವೆಂಬುದನ್ನು ನಾನು ಲೆಕ್ಕಕ್ಕೆ ಹಿಡಿದೇ ಇಲ್ಲ.

ಸಂಜೆ ನಮ್ಮ ನಿವೃತ್ತರ ಕಟ್ಟೆಯಲ್ಲಿ ಈ ಪ್ರಸಂಗ ಹೇಳಿದೆ. ನಿರೀಕ್ಷಿಸಿದ ಉತ್ತರವೇ ಬಂತು. ಈಗಿನ ಹುಡುಗರಿಗೆ ಉಳಿತಾಯ ಗೊತ್ತಿಲ್ಲ. ಕೈಯಲ್ಲಿ ದುಬಾರಿ ಫೋನು, ಕಾಲಡಿಗೆ ಬೈಕು, ಭಾನುವಾರ ಹೋಟೆಲು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಾವು ಹೇಗೆ ಕಟ್ಟಿದೆವು? ಈ ಮಾತುಗಳನ್ನು ನಾನೂ ಹಲವು ಬಾರಿ ಆಡಿದ್ದೇನೆ. ಆದ್ದರಿಂದಲೇ ಇವುಗಳಿಗೆ ಉತ್ತರ ಹೇಳುವ ಹೊಣೆಯೂ ನನ್ನದು. ಆ ಹುಡುಗ ಫೋನು, ಬೈಕು, ಹೋಟೆಲು ಎಲ್ಲವನ್ನೂ ತ್ಯಜಿಸಿ ತಿಂಗಳಿಗೆ ಒಂದು ಸಾವಿರ ಉಳಿಸಿದನೆಂದು ಇಟ್ಟುಕೊಳ್ಳೋಣ. ಬಡ್ಡಿಯನ್ನೂ ಬೆಲೆಯೇರಿಕೆಯನ್ನೂ ಬದಿಗಿಟ್ಟರೆ, ಹದಿನೈದು ಲಕ್ಷ ಕೂಡಲು 125 ವರ್ಷ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಬುದ್ಧಿ ಹೇಳುವವರು ಮೊದಲು ಹಾಸಿಗೆ ಹಾಸಲು ನೆಲವೆಲ್ಲಿದೆ ಎಂದು ತೋರಿಸಬೇಕಲ್ಲವೇ?

ನಾವು ಹೇಗೆ ಕಟ್ಟಿದೆವೆಂಬುದನ್ನೂ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ನನ್ನ ತಂದೆ ಮಾಗಳದಲ್ಲಿ ಮನೆ ಕಟ್ಟಿದ್ದು ಜಾಗ ಕೊಂಡಲ್ಲ. ಗ್ರಾಮಠಾಣೆಯಲ್ಲಿ ಹಿರಿಯರು ತೋರಿದ ಸ್ಥಳ. ತುಂಗಭದ್ರೆಯ ದಂಡೆಯ ಊರು. ಗೋಡೆಗೆ ಮಣ್ಣು ಅಲ್ಲಿಯದೇ, ತೊಲೆ ಜಂತೆಗೆ ಹೊಲದ ಬೇವಿನ ಮರ, ಮಾಳಿಗೆಗೆ ಚೌಳು ಮಣ್ಣು, ಕೂಲಿಗೆ ಬಂಧುಗಳ ಮುಯ್ಯಾಳು. ಹಣ ಖರ್ಚಾದದ್ದು ಬಾಗಿಲಿಗೂ ಬಡಗಿಗೂ ಮಾತ್ರ. ನಾನು 1985ರಲ್ಲಿ ಹಡಗಲಿಯಲ್ಲಿ ನಿವೇಶನ ಕೊಂಡಾಗ ನನ್ನ ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ 1,150 ರೂಪಾಯಿ. ನಿವೇಶನದ ಬೆಲೆ 7,500. ಆರೂವರೆ ತಿಂಗಳ ಸಂಬಳ! ಮನೆಗೆ ಮತ್ತೆ ಅರವತ್ತೆರಡು ಸಾವಿರ ಹಿಡಿಯಿತು. ಅದಕ್ಕೆ ಸರ್ಕಾರವೇ ಗೃಹ ನಿರ್ಮಾಣ ಮುಂಗಡ ಕೊಟ್ಟಿತು, ಭವಿಷ್ಯ ನಿಧಿಯಿಂದ ಸಾಲ ಸಿಕ್ಕಿತು, ಉಳಿದದ್ದಕ್ಕೆ ನನ್ನ ಹೆಂಡತಿಯ ಬಳೆಗಳು ಹೋದವು. ಕಷ್ಟಪಟ್ಟೆವು, ಸುಳ್ಳಲ್ಲ. ಆದರೆ ನಮ್ಮ ಕಷ್ಟಕ್ಕೆ ಒಂದು ಕೊನೆಯಿತ್ತು. ನಮ್ಮ ಉಳಿತಾಯಕ್ಕೆ ಬೆಲೆಯಿತ್ತು. ಖಾಯಂ ನೌಕರಿ, ಕಡಿಮೆ ಬಡ್ಡಿಯ ಸಾಲ, ಆರು ತಿಂಗಳ ಸಂಬಳಕ್ಕೆ ದಕ್ಕುವ ಭೂಮಿ, ಈ ಮೂರನ್ನೂ ಪಡೆದ ನಾವು, ಮೂರೂ ಇಲ್ಲದವರಿಗೆ ಮಿತವ್ಯಯದ ಉಪದೇಶ ಮಾಡುತ್ತಿದ್ದೇವೆ. ಇದು ಉಪದೇಶವಲ್ಲ, ಅನ್ಯಾಯ.

ಹಾಗಾದರೆ ಮಧ್ಯೆ ಏನಾಯಿತು? ಸಿಮೆಂಟು, ಕಬ್ಬಿಣ, ಮರಳು ದುಬಾರಿಯಾದವು ಎನ್ನುತ್ತಾರೆ. ಆಗಿವೆ. ಆದರೆ ಅವು ಬಳಸಲು ಕೊಳ್ಳುವ ವಸ್ತುಗಳು; ಸಿಮೆಂಟಿನ ಚೀಲವನ್ನು ಇಪ್ಪತ್ತೇಳು ವರ್ಷ ಕೂಡಿಟ್ಟು ಲಾಭ ಮಾಡಿಕೊಳ್ಳಲು ಯಾರಿಂದಲೂ ಆಗದು, ಅದು ಕಲ್ಲಾಗುತ್ತದೆ. ಭೂಮಿ ಹಾಗಲ್ಲ. ಇಟ್ಟಷ್ಟೂ ಬೆಳೆಯುತ್ತದೆ, ಕೊಳೆಯುವುದಿಲ್ಲ, ಹೊಸದಾಗಿ ಹುಟ್ಟುವುದೂ ಇಲ್ಲ. ಆದ್ದರಿಂದ ನಮ್ಮ ತಲೆಮಾರಿನ ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ನಾವು ನಿವೇಶನವನ್ನು ವಾಸಕ್ಕಾಗಿ ಕೊಳ್ಳುವುದನ್ನು ಬಿಟ್ಟು ತಿಜೋರಿಯಾಗಿ ಕೊಳ್ಳತೊಡಗಿದೆವು. ಇಂದು ಹಡಗಲಿಯಿಂದ ಯಾವ ರಸ್ತೆ ಹಿಡಿದು ಹೊರಟರೂ ಜೋಳ ನಿಲ್ಲುತ್ತಿದ್ದ ಹೊಲಗಳಲ್ಲಿ ಬಿಳಿ ಬಣ್ಣದ ಗುರುತಿನ ಕಲ್ಲುಗಳು ನಿಂತಿವೆ. ಬೆಳೆಯೂ ಇಲ್ಲ, ಮನೆಯೂ ಇಲ್ಲ. ಊರಿನೊಳಗೆ ಬಾಡಿಗೆ ಮನೆಗಾಗಿ ಜನ ಅಲೆಯುತ್ತಿದ್ದಾರೆ. ಊರ ಹೊರಗೆ ನಿವೇಶನಗಳು ಜಾಲಿಗಿಡ ಬೆಳೆದು ಮಲಗಿವೆ.

ಅಂಥವುಗಳಲ್ಲಿ ಒಂದು ನನ್ನದು. 1998ರಲ್ಲಿ 35,000 ರೂಪಾಯಿಗೆ ಕೊಂಡೆ. ಏಕೆ ಕೊಂಡೆ ಎಂದರೆ, 'ಇರಲಿ' ಎಂದು. ಅಂದಿನಿಂದ ಅದರ ಮೇಲೆ ಒಂದು ಇಟ್ಟಿಗೆ ಇಟ್ಟಿಲ್ಲ, ಒಂದು ಗಿಡ ನೆಟ್ಟಿಲ್ಲ. ಅದೇ ಹಣವನ್ನು ಬ್ಯಾಂಕಿನಲ್ಲಿ ಶೇ. 8ರ ಚಕ್ರಬಡ್ಡಿಗೆ ಇಟ್ಟಿದ್ದರೆ ಇಪ್ಪತ್ತೇಳು ವರ್ಷಕ್ಕೆ ಸುಮಾರು ಎಂಟು ಪಟ್ಟಾಗಿ 2,80,000 ರೂಪಾಯಿ ಆಗುತ್ತಿತ್ತು. ನಾನು ಕೇಳಿದ್ದು ಹದಿನೈದು ಲಕ್ಷ. ಉಳಿದ ಹನ್ನೆರಡು ಲಕ್ಷ ಇಪ್ಪತ್ತು ಸಾವಿರವನ್ನು ದುಡಿದವರು ಯಾರು? ನಾನಲ್ಲ. ಅಲ್ಲಿಗೆ ರಸ್ತೆ ಹಾಕಿದ್ದು ಸರ್ಕಾರ, ನೀರಿನ ಕೊಳವೆ ಎಳೆದದ್ದು ಊರಿನವರ ತೆರಿಗೆ, ಸುತ್ತ ಅಂಗಡಿ ಇಟ್ಟು, ಮನೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ ಆ ಸ್ಥಳವನ್ನು ಊರಾಗಿ ಮಾಡಿದ್ದು ಜನ. ಆ ಊರಿನ ಮಕ್ಕಳಿಗೆ ಅಕ್ಷರ ಕಲಿಸುವ ಅತಿಥಿ ಶಿಕ್ಷಕನೂ ಅವರಲ್ಲಿ ಒಬ್ಬ. ಅವನೇ ಹೆಚ್ಚಿಸಿದ ಬೆಲೆಯನ್ನು ಅವನ ಕೈಯಿಂದಲೇ ವಸೂಲು ಮಾಡಲು ನಾನು ಹೊರಟಿದ್ದೆ. ಅಮೆರಿಕದ ಹೆನ್ರಿ ಜಾರ್ಜ್ ಎಂಬಾತ 1879ರಲ್ಲಿಯೇ ಇದನ್ನು ಒಂದು ದೊಡ್ಡ ಗ್ರಂಥದಲ್ಲಿ ವಾದಿಸಿದ್ದ: ನೆಲದ ಬೆಲೆಯನ್ನು ಹೆಚ್ಚಿಸುವುದು ಸಮಾಜ, ಆದ್ದರಿಂದ ಆ ಹೆಚ್ಚಳ ಸಮಾಜಕ್ಕೇ ತೆರಿಗೆಯಾಗಿ ಮರಳಬೇಕು. ನಾನು ಅದನ್ನು ಎಂದೋ ಓದಿದ್ದೆ. ಅದು ನನ್ನ ಜಾಗದ ಮಾತೆಂದು ಮಾತ್ರ ಹೊಳೆದಿರಲಿಲ್ಲ.

ನಮ್ಮ ಸರ್ಕಾರಗಳು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. ಕ್ರಯಪತ್ರದಲ್ಲಿ ಪೂರ್ಣ ಬೆಲೆ ಬರೆದರೆ ನನ್ನ ನಿವೇಶನಕ್ಕೆ ಆ ಶುಲ್ಕವೊಂದೇ ಮೂವತ್ತು ಸಾವಿರ. ಮುದ್ರಾಂಕ ಶುಲ್ಕ ಬೇರೆ. ಇದನ್ನು ತೆರುವವನು ಕೊಳ್ಳುವವನು, ಅಂದರೆ ಮನೆಯಿಲ್ಲದವನು. ಜಾಗವನ್ನು ಪಾಳು ಬಿಟ್ಟು ಕುಳಿತ ನಾನು ವರ್ಷಕ್ಕೆ ಕಟ್ಟುವ ಕಂದಾಯ ನಮ್ಮ ಮನೆಯ ಒಂದು ತಿಂಗಳ ಹಾಲಿನ ಖರ್ಚಿಗೂ ಸಮನಲ್ಲ. ವಾಸಕ್ಕೆ ಬೇಕೆಂದವನಿಗೆ ದಂಡ, ಕೂಡಿಹಾಕಿದವನಿಗೆ ಬಹುಮಾನ! 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕನಲ್ಲದವನೂ ಎಷ್ಟೇ ಆದಾಯವಿದ್ದವನೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಿದ ಮೇಲೆ, ಹಣವುಳ್ಳವರ ತಿಜೋರಿಗೆ ಇನ್ನಷ್ಟು ಜಾಗ ದೊರೆಯಿತು.

ಬಡವರಿಗೆ ಯೋಜನೆಗಳಿಲ್ಲವೇ ಎಂದು ಕೇಳುವಿರಿ. ಇವೆ, ಮತ್ತು ಅವುಗಳಿಂದ ಎಷ್ಟೋ ಜನರ ತಲೆಯ ಮೇಲೆ ಸೂರು ಬಂದಿದೆ; ಅದನ್ನು ಅಲ್ಲಗಳೆಯುವುದು ಕೃತಘ್ನತೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲುಸೀಮೆಯ ಮನೆಗೆ 1,20,000 ರೂಪಾಯಿ ನೆರವು ಗೊತ್ತುಮಾಡಿತು. 2024ರಲ್ಲಿ ಯೋಜನೆಯನ್ನು ಇನ್ನೈದು ವರ್ಷಕ್ಕೆ ಮುಂದುವರಿಸಿದಾಗಲೂ ಮೊತ್ತ ಅಷ್ಟೇ. ಪಟ್ಟಣದ ಯೋಜನೆಯಲ್ಲಿ ತಾನೇ ಮನೆ ಕಟ್ಟಿಕೊಳ್ಳುವವನಿಗೆ ನೆರವು ಸಿಗಬೇಕಾದರೆ ಮೊದಲು ಅವನ ಹೆಸರಿನಲ್ಲಿ ಜಾಗವಿರಬೇಕು. ಬ್ಯಾಂಕಿನ ಬಡ್ಡಿಗೆ ಕೊಡುವ ಸಹಾಯಧನವೂ ಮೊದಲು ಸಾಲಕ್ಕೆ ಅರ್ಹನಾದವನಿಗೆ. ಜಾಗವೇ ಕಡಿಮೆಯಿರುವಲ್ಲಿ ಕೊಳ್ಳುವವರ ಕೈಗೆ ಮಾತ್ರ ಹಣ ಕೊಟ್ಟರೆ ಏನಾಗುತ್ತದೆ? ಮಾರುವವನು ಅಷ್ಟನ್ನು ಬೆಲೆಗೆ ಸೇರಿಸಿಕೊಳ್ಳುತ್ತಾನೆ. ಸಂತೆಯಲ್ಲಿ ನಿಂತ ಯಾರಿಗಾದರೂ ತಿಳಿಯುವ ಸತ್ಯವಿದು. 2025ರ ಮೇ 20ರಂದು ನಮ್ಮದೇ ಜಿಲ್ಲಾ ಕೇಂದ್ರ ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ ತಾಂಡಾ, ಹಟ್ಟಿಗಳಂಥ ದಾಖಲೆಯಿಲ್ಲದ ಜನವಸತಿಗಳ 1,11,111 ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಿತು. ವಾಸಿಸುವವನೇ ಮನೆಯ ಒಡೆಯನೆಂಬುದು ಶ್ರೇಷ್ಠವಾದ ತತ್ತ್ವ. ನಮ್ಮ ಕಡೆಯ ತಾಂಡಾಗಳ ಜನ ಅದಕ್ಕಾಗಿ ತಲೆಮಾರುಗಳ ಕಾಲ ಕಾದಿದ್ದಾರೆ. ಆದರೆ ಅದು ಈಗಾಗಲೇ ನೆಲೆ ನಿಂತವರ ನ್ಯಾಯ. ನಿಲ್ಲಲು ನೆಲವೇ ಸಿಗದವನು ಯಾವ ಹಕ್ಕುಪತ್ರ ಬೇಡಲಿ?

ಇನ್ನು ಬ್ಯಾಂಕಿನ ಸಾಲ. 2023-24ರ ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನಿಯತ ಸಂಬಳ ಪಡೆಯುವವರ ಸರಾಸರಿ ಗಳಿಕೆ ತಿಂಗಳಿಗೆ ಇಪ್ಪತ್ತು ಸಾವಿರದ ಆಸುಪಾಸು. ಇಪ್ಪತ್ತು ಲಕ್ಷ ರೂಪಾಯಿಯನ್ನು ಶೇ. 8.5ರ ಬಡ್ಡಿಗೆ ಇಪ್ಪತ್ತು ವರ್ಷದ ಅವಧಿಗೆ ತಂದರೆ ತಿಂಗಳ ಕಂತು 17,356 ರೂಪಾಯಿ. ಕಟ್ಟಿ ಮುಗಿಸುವಾಗ ಒಟ್ಟು ನಲವತ್ತೊಂದೂವರೆ ಲಕ್ಷ ದಾಟುತ್ತದೆ. ಸರಾಸರಿ ಸಂಬಳಗಾರನಿಗೆ ಉಪ್ಪು, ಎಣ್ಣೆ, ಜೋಳ, ಶಾಲೆ, ಆಸ್ಪತ್ರೆಗಳಿಗೆಲ್ಲ ಉಳಿಯುವುದು ಎರಡೂವರೆ ಸಾವಿರ ಚಿಲ್ಲರೆ. ಇಂಥ ಸಾಲವನ್ನು ಯಾವ ಬ್ಯಾಂಕೂ ಕೊಡುವುದಿಲ್ಲ. ಕೊಡದಿರುವುದೇ ಅದರ ವಿವೇಕ.

ದೊಡ್ಡ ಊರುಗಳಲ್ಲಿ ಹೆಚ್ಚು ಸಂಬಳ ಪಡೆಯುವವರ ಪಾಡೂ ಬೇರೆಯಲ್ಲ. ಬೆಂಗಳೂರೂ ಸೇರಿದಂತೆ ಹದಿಮೂರು ನಗರಗಳಲ್ಲಿ ರಿಸರ್ವ್ ಬ್ಯಾಂಕು ಮಾಡಿದ ಸಮೀಕ್ಷೆಯಲ್ಲಿ, ಮನೆಯ ಬೆಲೆ 2015ರ ಮಾರ್ಚಿನಲ್ಲಿ ಸಾಲಗಾರನ 56.1 ತಿಂಗಳ ಆದಾಯಕ್ಕೆ ಸಮನಾಗಿದ್ದದ್ದು 2019ರ ಮಾರ್ಚಿಗೆ 61.5 ತಿಂಗಳಿಗೆ ಏರಿತ್ತು. ಇದು ಬ್ಯಾಂಕಿನ ಬಾಗಿಲು ದಾಟಿ ಒಳಗೆ ಹೋದವರ ಲೆಕ್ಕ. ಹೊರಗೆ ನಿಂತವರು ಇದರಲ್ಲಿಲ್ಲ. ನನ್ನ ಮಗನೂ ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದ ಕಂತಿಗೆ ಕೊರಳೊಡ್ಡಿ ಒಂದು ಫ್ಲಾಟು ಕೊಂಡಿದ್ದಾನೆ. ಅಲ್ಲಿ ಯಾರೋ ಕೂಡಿಹಾಕಿದ ನೆಲದ ಬೆಲೆಯನ್ನು ಅವನು ತೆರುತ್ತಿದ್ದಾನೆ. ಇಲ್ಲಿ ನಾನು ಕೂಡಿಹಾಕಿದ ನೆಲದ ಬೆಲೆಯನ್ನು ಇನ್ನೊಬ್ಬರ ಮಗ ತೆರಬೇಕಾಗಿದೆ.

ಇದು ಬಡ ದೇಶದ ರೋಗವೆಂದು ಭಾವಿಸಬೇಡಿ. ಶ್ರೀಮಂತ ಯುರೋಪಿನಲ್ಲಿಯೂ 2010ರಿಂದ ಈಚೆಗೆ ಮನೆಗಳ ಬೆಲೆ ಸರಾಸರಿ ಅರ್ಧಕ್ಕಿಂತ ಹೆಚ್ಚು ಏರಿದೆ. 2021ರ ಸೆಪ್ಟೆಂಬರಿನಲ್ಲಿ ಬರ್ಲಿನ್ ನಗರದ ಮತದಾರರು, ದೊಡ್ಡ ಕಂಪನಿಗಳ ಕೈಯಲ್ಲಿರುವ ಬಾಡಿಗೆ ಮನೆಗಳನ್ನು ಸಾರ್ವಜನಿಕ ಸ್ವಾಮ್ಯಕ್ಕೆ ತರಬೇಕೆಂದು ಬಹುಮತದಿಂದ ತೀರ್ಪು ಕೊಟ್ಟರು. ಆ ತೀರ್ಪು ಕೂಡಲೇ ಜಾರಿಯಾಗಲಿಲ್ಲವೆಂಬುದು ಬೇರೆ ಮಾತು. ಆದರೆ ಅದೇ ಖಂಡದ ವಿಯೆನ್ನಾ ನಗರ ಇನ್ನೊಂದು ದಾರಿಯನ್ನು ನೂರು ವರ್ಷಗಳ ಹಿಂದೆಯೇ ಹಿಡಿದಿತ್ತು. ಮೊದಲ ಮಹಾಯುದ್ಧದಲ್ಲಿ ಸೋತು, ಹಸಿದು, ದಿವಾಳಿಯಾದ ದೇಶದ ರಾಜಧಾನಿ ಅದು. 1923ರಲ್ಲಿ ಅಲ್ಲಿಯ ನಗರಸಭೆ ಮನೆಗಳ ಮೇಲೆ ಒಂದು ತೆರಿಗೆ ಹಾಕಿತು. ಚಿಕ್ಕ ಮನೆಗೆ ಅತ್ಯಲ್ಪ, ವೈಭವದ ಬಂಗಲೆಗೆ ಬಹಳ ಹೆಚ್ಚು. ಆ ಹಣದಿಂದ 1934ರೊಳಗೆ ಕೆಲಸಗಾರರಿಗಾಗಿ ಸುಮಾರು 60,000 ಮನೆಗಳನ್ನು ಕಟ್ಟಿ ಕಡಿಮೆ ಬಾಡಿಗೆಗೆ ಕೊಟ್ಟಿತು. ಅವನ್ನು ಮಾರಿಕೊಳ್ಳಲಿಲ್ಲ. ಇಂದು ಆ ನಗರದ ಸ್ವಂತ ಮನೆಗಳೇ ಸುಮಾರು 2,20,000.

ಅದು ವಿಯೆನ್ನಾ, ಇದು ಹಡಗಲಿ ಎನ್ನಬೇಡಿ. ತುಂಗಭದ್ರಾ ಜಲಾಶಯ ಕಟ್ಟಿದಾಗ ನಾರಾಯಣದೇವರಕೆರೆ ನೀರಿನಲ್ಲಿ ಮುಳುಗಿತು. ಅಲ್ಲಿಯ ಜನರಿಗೆ ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಲ್ಪಿಸಲಾಯಿತು. ಮುಳುಗಿದವರ ನೋವು ದೊಡ್ಡದು, ಅದನ್ನು ನಾನು ಹಗುರಾಗಿ ಹೇಳುತ್ತಿಲ್ಲ. ನನ್ನ ಮಾತಿಷ್ಟೇ: ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಇಂದಿನ ಹತ್ತರಲ್ಲೊಂದು ಪಾಲೂ ಹಣವಿಲ್ಲದಿದ್ದಾಗ, ಬೀದಿ ಗುರುತಿಸಿ ನಿವೇಶನ ಹಂಚಿ ಊರನ್ನೇ ನೆಲೆಗೊಳಿಸುವುದು ಸರ್ಕಾರಕ್ಕೆ ಸಾಧ್ಯವಾಗಿತ್ತು. ಈಗ ಆಗದಿದ್ದರೆ ಕಾರಣ ಬಡತನವಲ್ಲ.

ನನ್ನ ಬೇಡಿಕೆಗಳು ಮೂರು. ಒಂದು, ಮೂರು ವರ್ಷಕ್ಕಿಂತ ಹೆಚ್ಚು ಕಾಲ ಖಾಲಿ ಬಿಟ್ಟ ನಿವೇಶನಕ್ಕೆ ಪುರಸಭೆ ವರ್ಷದಿಂದ ವರ್ಷಕ್ಕೆ ಏರುವ ಕಂದಾಯ ವಿಧಿಸಲಿ. ಒಂದು ಮನೆಯೂ ಇಲ್ಲದೆ ಒಂದೇ ನಿವೇಶನ ಇಟ್ಟುಕೊಂಡವರಿಗೆ ವಿನಾಯಿತಿ ಇರಲಿ. ಎರಡು, ಹೊಲವನ್ನು ಬಡಾವಣೆ ಮಾಡಲು ಒಪ್ಪಿಗೆ ಕೊಡುವಾಗ, ಇಂತಿಷ್ಟು ನಿವೇಶನಗಳನ್ನು ತಗಲಿದ ವೆಚ್ಚಕ್ಕೇ ಕಡಿಮೆ ಸಂಬಳದವರಿಗೆ ಬಿಟ್ಟುಕೊಡಬೇಕೆಂಬ ನಿಯಮವಾಗಲಿ, ಹತ್ತು ವರ್ಷ ಅದನ್ನು ಮಾರಬಾರದೆಂಬ ಕಟ್ಟೂ ಇರಲಿ. ಮೂರು, ಸರ್ಕಾರಿ ಜಾಗದಲ್ಲಿ ಪುರಸಭೆಯೇ ಮನೆ ಕಟ್ಟಿ ಬಾಡಿಗೆಗೆ ಕೊಡಲಿ. ಎಲ್ಲರೂ ಮನೆಯ ಒಡೆಯರಾಗಲೇಬೇಕೆಂದಿಲ್ಲ. ತಿಂಗಳ ಗಳಿಕೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬಾಡಿಗೆಗೆ ಸುರಿದು, ಹನ್ನೊಂದು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟುವ ಭಯ ಇರಬಾರದು, ಅಷ್ಟೇ. ಮೊದಲನೆಯ ಬೇಡಿಕೆ ಈಡೇರಿದರೆ ಮೊದಲು ಹೊರೆ ಬೀಳುವುದು ನನ್ನ ಮೇಲೆ. ಬೀಳಲಿ.

'ಮೊದಲು ನಿನ್ನ ಜಾಗ ಕೊಟ್ಟು ಆಮೇಲೆ ಮಾತಾಡು' ಎಂದು ಕಟ್ಟೆಯ ಮಿತ್ರರು ಹೇಳಿದರು. ನ್ಯಾಯವಾದ ಮಾತು. ಮಗನಿಗೆ ಫೋನು ಮಾಡಿದೆ. "ಅಪ್ಪಾಜಿ, ಅದನ್ನ ಮಾರಿ ನನ್ನ ಸಾಲ ಇಳಿಸಬಹುದಿತ್ತಲ್ಲ" ಎಂದ. ಅವನ ಕಷ್ಟವೂ ಸುಳ್ಳಲ್ಲ. ಎರಡು ವಾರ ಮನೆಯಲ್ಲಿ ಮಾತು ಬೆಳೆಯಿತು. ಕೊನೆಗೆ ಆ ಹುಡುಗನನ್ನು ಕರೆಸಿ, ಐದು ಲಕ್ಷಕ್ಕೆ ಕೊಡುತ್ತೇನೆ, ಬಡ್ಡಿ ಬೇಡ, ಆದಷ್ಟು ತಿಂಗಳು ತಿಂಗಳು ಕೊಡು ಎಂದೆ. ಅವನ ಕಣ್ಣು ತುಂಬಿತು. ಆಮೇಲೆ ಮತ್ತೆ ಗೋಡೆ ನೋಡಿದ. ಬಾಡಿಗೆ 4,500 ಕಳೆದು ಉಳಿದದ್ದರಲ್ಲಿ ಹೊಟ್ಟೆ ಕಟ್ಟಿ ತಿಂಗಳಿಗೆ ಮೂರು ಸಾವಿರ ಕೊಟ್ಟರೆ ಸುಮಾರು ಹದಿನಾಲ್ಕು ವರ್ಷ. ಆಗ ನನಗೆ ಎಂಬತ್ತೇಳು. "ಅಷ್ಟ್ರಾಗೆ ಮನೆ ಯಾವಾಗ ಕಟ್ಟೋದು ಸರ್?" ಎಂದು ಮೆಲ್ಲಗೆ ಕೇಳಿ, ಮನೆಯಲ್ಲಿ ವಿಚಾರಿಸಿ ಹೇಳುವುದಾಗಿ ಹೋದ. ಇನ್ನೂ ಬಂದಿಲ್ಲ.

ಒಬ್ಬ ಮುದುಕ ಮನಸ್ಸು ಮಾಡಿ ಮೂರನೆಯ ಒಂದು ಭಾಗಕ್ಕೆ ಇಳಿದರೂ ಒಬ್ಬ ಶಿಕ್ಷಕನಿಗೆ ಎಟುಕದ ಸ್ಥಿತಿ ಇದು. ದಾನಧರ್ಮದಿಂದ ನೀಗುವ ಕೊರತೆ ಇದಲ್ಲವೆಂದು ಆ ದಿನ ನನಗೆ ಮನವರಿಕೆಯಾಯಿತು. ನನ್ನ ವಯಸ್ಸಿನ ಓದುಗರಲ್ಲಿ ಒಂದೇ ಬಿನ್ನಹ: ಇನ್ನೊಮ್ಮೆ ಯಾವನಾದರೂ ಹುಡುಗನಿಗೆ ಉಳಿತಾಯದ ಪಾಠ ಹೇಳುವ ಮುನ್ನ, ತಮ್ಮ ಹೆಸರಿನಲ್ಲಿ ಎಷ್ಟು ಖಾಲಿ ಜಾಗಗಳಿವೆ ಎಂದು ಎಣಿಸಿಕೊಳ್ಳಿ. ಪುರಸಭೆಯ ಚುನಾವಣೆಗೆ ಮತ ಕೇಳಲು ಬಂದವರನ್ನು, ಆ ಜಾಗಗಳಿಗೆ ಏಕೆ ತೆರಿಗೆ ಹಾಕುವುದಿಲ್ಲವೆಂದು ನಾವೇ ಕೇಳೋಣ. ನಾನಂತೂ ಕೇಳುವವನಿದ್ದೇನೆ.